ಪ್ರಿಂಟ್ ಕಪ್ಪಾದರೆ ಪರದೆಯನ್ನು ಕೇಳಿ

‘ಲ್ಯಾಪ್‌ಟಾಪಿನಲ್ಲಿ ಎಷ್ಟು ಚೆನ್ನಾಗಿತ್ತು, ಆಲ್ಬಮ್ಮಿನಲ್ಲಿ ಯಾಕೆ ಹೀಗೆ ಡಲ್ ಬಂತು?’ ಕಡೂರಾಗಲಿ, ತರೀಕೆರೆಯಾಗಲಿ, ಮದುವೆ ಫೋಟೋ ತೆಗೆಯುವವರಿಗೆ ಈ ಮಾತು ಹೊಸದಲ್ಲ. ಬೈಗುಳ ಮಾತ್ರ ಪ್ರಿಂಟ್ ಹಾಕಿದ ಲ್ಯಾಬಿಗೆ. ಆದರೆ ಬಹಳಷ್ಟು ಸಲ ತಪ್ಪು ಮೇಜಿನ ಮೇಲಿನ ಪರದೆಯದು.

ಪರದೆ ತಾನೇ ಬೆಳಕು ಸೂಸುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ; ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ನುಂಗಿ, ಉಳಿದದ್ದನ್ನಷ್ಟೇ ಹಿಂದಿರುಗಿಸುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್ ಪರದೆಯ ಪೂರ್ತಿ ಪ್ರಕಾಶ 250ರಿಂದ 300 ನಿಟ್ಸ್ (ಪ್ರಕಾಶದ ಅಳತೆಮಾನ). ಪ್ರಿಂಟಿಗಾಗಿ ಫೋಟೋ ತಿದ್ದುವಾಗ ಇರಬೇಕಾದದ್ದು 80ರಿಂದ 120 ನಿಟ್ಸ್ ಮಾತ್ರ.

ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿ, 1196ರ ಹೊಯ್ಸಳರ ಅಮೃತೇಶ್ವರ ಗುಡಿಯನ್ನು ಕ್ಯಾಮೆರಾದಲ್ಲಿ ಹಿಡಿದಿರಿ ಎನ್ನಿ. ಬಳಪದ ಕಲ್ಲಿನ ಕೆತ್ತನೆ, ಸಂದುಗಳಲ್ಲೆಲ್ಲ ದಟ್ಟ ನೆರಳು. ಪ್ರಕಾಶ ಪೂರ್ತಿ ಏರಿಸಿದ ಪರದೆಯಲ್ಲಿ ಆ ನೆರಳಿನೊಳಗಿನ ಸರ, ಕಡಗಗಳೂ ಎದ್ದು ಕಾಣುತ್ತವೆ. ‘ಸರಿಯಾಗಿದೆ’ ಎಂದು ಫೈಲ್ ಕಳಿಸುತ್ತೀರಿ. ಪ್ರಿಂಟಿನಲ್ಲಿ ಅಲ್ಲೆಲ್ಲ ಬರೀ ಕಪ್ಪು. ಫೈಲು ಮೊದಲಿನಿಂದಲೂ ಕಪ್ಪಾಗಿಯೇ ಇತ್ತು. ಅದನ್ನು ಮುಚ್ಚಿಟ್ಟಿದ್ದು ಪರದೆಯ ಬೆಳಕು.

ಎರಡನೆಯ ತೊಡಕು ಬಿಳುಪಿನದು. ಉದಾಹರಣೆಗೆ, ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದ ಅಮೃತ್ ಮಹಲ್ ರಾಸುಗಳ ಮೈಬಣ್ಣ ಬಿಳಿಬೂದಿಯಿಂದ ಕಡುಬೂದಿಯವರೆಗೆ ಇರುತ್ತದೆ. ಬೂದಿಯಷ್ಟು ನಿಷ್ಠುರ ಪರೀಕ್ಷಕ ಮತ್ತೊಂದಿಲ್ಲ. ಕೆಂಪು, ಹಸಿರು, ನೀಲಿ ಮೂರೂ ಸಮನಾದಾಗಷ್ಟೇ ಅದು ಬೂದಿ. ಒಂದು ಚೂರು ಹೆಚ್ಚಿದರೂ ಬಣ್ಣ ಕಲಸಿದ್ದು ಗೊತ್ತಾಗುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳ ಪರದೆ ನೀಲಿಗೆ ವಾಲಿರುತ್ತದೆ. ಅಂಥ ಪರದೆಯಲ್ಲಿ ಹೋರಿ ನೀಲಿಯಾಗಿ ಕಂಡಿತೆಂದು ಹಳದಿ ಏರಿಸಿದರೆ, ಪ್ರಿಂಟಿನಲ್ಲಿ ಅದಕ್ಕೆ ಅರಿಶಿನ ಬಳಿದಂತಿರುತ್ತದೆ. ಪರದೆಯ ಬಿಳುಪಿಗೆ ಒಪ್ಪಿತ ಮಟ್ಟ ಸುಮಾರು 6500 ಕೆಲ್ವಿನ್.

ಇದನ್ನು ಕಣ್ಣಳತೆಯಲ್ಲೇ ಸರಿಪಡಿಸಬಾರದೇಕೆ? ಕಣ್ಣು ಹೊಂದಿಕೊಂಡುಬಿಡುತ್ತದೆ. ಸ್ವಲ್ಪ ಹೊತ್ತು ನೀಲಿ ಪರದೆಯ ಮುಂದೆ ಕೂತರೆ ಅದೇ ಬಿಳಿ ಎನಿಸತೊಡಗುತ್ತದೆ. ಅದಕ್ಕೇ ಕಲರಿಮೀಟರ್ ಎಂಬ ಅಂಗೈಯಗಲದ ಉಪಕರಣ. ಪರದೆಯ ಮೇಲೆ ಅದನ್ನು ಇಳಿಬಿಟ್ಟು ಯುಎಸ್‌ಬಿಗೆ ಸಿಕ್ಕಿಸಿದರೆ, ತಂತ್ರಾಂಶ ಒಂದೊಂದೇ ಬಣ್ಣದ ಚೌಕ ತೋರಿಸುತ್ತ ಹೋಗುತ್ತದೆ. ತೋರಿಸಬೇಕಾಗಿದ್ದ ಬಣ್ಣ ಯಾವುದು, ನಿಜಕ್ಕೂ ಹೊಮ್ಮಿದ್ದು ಯಾವುದು ಎಂದು ಉಪಕರಣ ಅಳೆಯುತ್ತದೆ. ಆ ವ್ಯತ್ಯಾಸದ ಲೆಕ್ಕವೇ ಐಸಿಸಿ ಪ್ರೊಫೈಲ್. ಫೋಟೋಶಾಪ್‌ನಂಥ ತಂತ್ರಾಂಶಗಳು ಅದನ್ನು ಓದಿ ಬಣ್ಣ ಸರಿದೂಗಿಸುತ್ತವೆ. ಈ ಪದ್ಧತಿಯನ್ನು ಎಲ್ಲ ಕಂಪನಿಗಳಿಗೂ ಸಾಮಾನ್ಯವಾಗಿಸಲು ಐಸಿಸಿ ಒಕ್ಕೂಟ ಹುಟ್ಟಿದ್ದು 1993ರಲ್ಲಿ.

ಕಲರಿಮೀಟರಿಗೂ ಆಗದ ಕೆಲಸ ಒಂದಿದೆ. ಅಗ್ಗದ ಲ್ಯಾಪ್‌ಟಾಪ್ ಪರದೆಗಳು ಎಸ್‌ಆರ್‌ಜಿಬಿ ಎಂಬ ಪ್ರಮಾಣಿತ ವ್ಯಾಪ್ತಿಯ ಬಣ್ಣಗಳಲ್ಲಿ ಸುಮಾರು ಶೇಕಡಾ 60 ಮಾತ್ರ ತೋರಿಸಬಲ್ಲವು. ಧಾರೆ ಸೀರೆಯ ಗಾಢ ಕೆಂಪು ಅವುಗಳ ಎಟುಕಿಗೆ ಸಿಗದು. ಸಪ್ಪೆಯಾಯಿತೆಂದು ಸ್ಯಾಚುರೇಶನ್ ಎಳೆದರೆ ಪ್ರಿಂಟಿನಲ್ಲಿ ಮಡಿಕೆ, ನೇಯ್ಗೆ ಎಲ್ಲ ಮಾಯವಾಗಿ ಸೀರೆ ಕೆಂಪು ಮುದ್ದೆಯಾಗುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ‘ಶೇಕಡಾ 100 ಎಸ್‌ಆರ್‌ಜಿಬಿ’, ‘ಐಪಿಎಸ್’ ಬಗೆಯ ಪರದೆ ಎರಡನ್ನೂ ಕೇಳಿ ನೋಡಬೇಕು.

ಉಪಕರಣ ಇಲ್ಲದವರಿಗೂ ದಾರಿಯಿದೆ. ಪರದೆಯನ್ನು ಹಳದಿಗೆ ವಾಲಿಸುವ ನೈಟ್ ಲೈಟ್, ತಾನಾಗಿ ಪ್ರಕಾಶ ಬದಲಿಸುವ ಸೌಲಭ್ಯ ಎರಡನ್ನೂ ಆಫ್ ಮಾಡಿ. ಪರದೆ ಅರ್ಧ ಗಂಟೆ ಉರಿಯಲಿ. ಚರ್ಮ, ಬಿಳಿ ಪಂಚೆ, ಕಪ್ಪು ಕೂದಲು ಮೂರೂ ಇರುವ ಒಂದು ಫೋಟೋವನ್ನು ಎಸ್‌ಆರ್‌ಜಿಬಿಯಲ್ಲಿ ಉಳಿಸಿ, ‘ಕರೆಕ್ಷನ್ ಬೇಡ’ ಎಂದು ಹೇಳಿ ಲ್ಯಾಬಿನಿಂದ ಪ್ರಿಂಟ್ ತರಿಸಿ. ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲಿ ಅದನ್ನು ಪರದೆಯ ಪಕ್ಕ ಹಿಡಿದು, ಎರಡೂ ಒಂದೇ ಸಮ ಕಾಣುವವರೆಗೆ ಪ್ರಕಾಶ ಇಳಿಸಿ. ಆ ಮಟ್ಟವನ್ನು ಗುರುತು ಹಾಕಿಕೊಳ್ಳಿ. ಆದರೆ ಫೋಟೋವನ್ನು ಮುಟ್ಟಬೇಡಿ.

ಪರದೆ ಹಳೆಯದಾದಂತೆ ಅದರ ಬೆಳಕೂ ಬದಲಾಗುವುದರಿಂದ ಕಲರಿಮೀಟರಿಗೆ ತಿಂಗಳಿಗೊಮ್ಮೆ ಕೆಲಸ. ಉಳಿದ ದಿನ ಅದು ಡಬ್ಬಿಯಲ್ಲೇ ಇರುತ್ತದೆ. ಡಿಸ್‌ಪ್ಲೇಕ್ಯಾಲ್‌ನಂಥ ಉಚಿತ ತಂತ್ರಾಂಶಗಳೂ ಅದರ ಜೊತೆ ಬಳಸಲು ಇವೆ. ಕಡೂರು, ತರೀಕೆರೆ, ಅಜ್ಜಂಪುರದ ಸ್ಟುಡಿಯೋದವರು ಕೂಡಿ ಒಂದು ಕಲರಿಮೀಟರ್ ಕೊಂಡು ಕೈಬದಲಿಸಿಕೊಂಡರೆ ಖರ್ಚೂ ಹಂಚಿಹೋಗುತ್ತದೆ, ಮತ್ತೆ ಪ್ರಿಂಟ್ ಹಾಕಿಸುವ ದಂಡವೂ ತಪ್ಪುತ್ತದೆ.