ಗರ್ಭಚೀಲ ತೆಗೆಸುವ ಮುನ್ನ

ಗರ್ಭಕಂಠದ ಕ್ಯಾನ್ಸರ್ ವಿಷಯದಲ್ಲಿ ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಎರಡು ಬಗೆಯ ಅನ್ಯಾಯವಾಗುತ್ತಿದೆ. ಕೆಲವರಿಗೆ ರೋಗ ಕೈಮೀರಿದ ಮೇಲೆ ಗೊತ್ತಾಗುತ್ತದೆ. ಕೆಲವರು ಇಲ್ಲದ ರೋಗಕ್ಕೆ ಹೆದರಿ ಗರ್ಭಚೀಲವನ್ನೇ ತೆಗೆಸಿಕೊಳ್ಳುತ್ತಾರೆ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ಕ್ಯಾನ್ಸರ್ ಕಾಣಿಸಿಕೊಂಡಿತು; ಸುಮಾರು 80 ಸಾವಿರ ಮಂದಿ ಅದರಿಂದ ತೀರಿಕೊಂಡರು. ಇನ್ನೊಂದೆಡೆ, ನಡುನೋವು, ಬಿಳಿ ಸೆರಗು ಎಂದು ಆಸ್ಪತ್ರೆಗೆ ಹೋದ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರು ಗರ್ಭಚೀಲ ಕಳೆದುಕೊಂಡು ಬಂದ ಸಂಗತಿ 2015ರಲ್ಲಿ ಬಯಲಾಗಿ ತನಿಖೆಯೂ ನಡೆಯಿತು. ಈ ಎರಡೂ ಕಷ್ಟಗಳ ಹಿಂದೆ ಒಂದೇ ಕೊರತೆಯಿದೆ: ಸಕಾಲದಲ್ಲಿ ಒಂದು ಸರಳ ತಪಾಸಣೆ ಆಗದಿರುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 30ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ಈ ತಪಾಸಣೆ ಒಮ್ಮೆಯಾದರೂ ಆದವರು ಇಬ್ಬರೂ ಇಲ್ಲ.

ಈ ಕ್ಯಾನ್ಸರ್ ಒಮ್ಮೆಲೇ ಬರುವಂಥದ್ದಲ್ಲ. ಇದಕ್ಕೆ ಕಾರಣ ಎಚ್‌ಪಿವಿ ಎಂಬ ವೈರಾಣು ಎಂಬುದನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಾಣು ಬಹುಪಾಲು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ತಗುಲುತ್ತದೆ. ಹೆಚ್ಚಿನವರ ಮೈ ಅದನ್ನು ಒಂದೆರಡು ವರ್ಷದಲ್ಲಿ ತಾನೇ ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದು ಜೀವಕೋಶಗಳನ್ನು ಮೆಲ್ಲಗೆ ಕೆಡಿಸುತ್ತದೆ. ಹಾಗೆ ಕೆಟ್ಟ ಕೋಶಗಳು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಬೇಕು. ಆ ಅವಧಿಯಲ್ಲಿ ನೋವಿಲ್ಲ, ರಕ್ತಸ್ರಾವವಿಲ್ಲ. ‘ಏನೂ ತ್ರಾಸಿಲ್ಲ, ತಪಾಸಣೆ ಯಾಕೆ?’ ಎಂಬ ಮಾತಿಗೆ ಉತ್ತರ ಇಲ್ಲೇ ಇದೆ: ತ್ರಾಸಿಲ್ಲದ ಕಾಲದಲ್ಲೇ ಈ ರೋಗವನ್ನು ಬೇರಿನಲ್ಲೇ ಚಿವುಟಲು ಸಾಧ್ಯ.

ತಪಾಸಣೆಯಲ್ಲಿ ಮುಖ್ಯವಾಗಿ ಮೂರು ವಿಧಗಳಿವೆ. ಪ್ಯಾಪ್ ಸ್ಮಿಯರ್‌ನಲ್ಲಿ ಗರ್ಭಕಂಠದ ಕೋಶಗಳನ್ನು ಸವರಿ ತೆಗೆದು ಪ್ರಯೋಗಾಲಯದಲ್ಲಿ ನೋಡುತ್ತಾರೆ. ಅದಕ್ಕೆ ನುರಿತ ತಜ್ಞರು ಬೇಕು. ‘ವಿಐಎ’ ವಿಧಾನದಲ್ಲಿ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಭಾಗ ಬೆಳ್ಳಗಾಗುತ್ತದೆ. ತರಬೇತಿ ಪಡೆದ ನರ್ಸ್ ಇದನ್ನು ಮಾಡಬಲ್ಲರು, ಫಲಿತಾಂಶ ಅಲ್ಲಿಯೇ ಸಿಗುತ್ತದೆ. ಮೂರನೆಯದು ವೈರಾಣುವನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ. ಇವು ನಮ್ಮಂಥ ಊರುಗಳಲ್ಲಿ ಫಲ ಕೊಡುತ್ತವೆಯೇ? ನಮ್ಮ ಕೊಪ್ಪಳ ಜಿಲ್ಲೆಯಂತೆಯೇ ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿದ್ದ, ಇಲ್ಲಿಯಂತೆಯೇ ಬರಕ್ಕೆ ತುತ್ತಾಗುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 1.31 ಲಕ್ಷ ಗ್ರಾಮೀಣ ಮಹಿಳೆಯರನ್ನು ಒಳಗೊಂಡ ಅಧ್ಯಯನವೊಂದು ನಡೆಯಿತು. 2009ರಲ್ಲಿ ಪ್ರಕಟವಾದ ಅದರ ಪ್ರಕಾರ, ಒಂದೇ ಒಂದು ಸುತ್ತು ಎಚ್‌ಪಿವಿ ಪರೀಕ್ಷೆ ನಡೆದ ಹಳ್ಳಿಗಳಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಅದೇ ಅಧ್ಯಯನದಲ್ಲಿ ವಿಐಎಯಿಂದ ಸಾವು ಗಮನಾರ್ಹವಾಗಿ ತಗ್ಗಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಎರಡು ವರ್ಷಕ್ಕೊಮ್ಮೆಯಂತೆ ವಿಐಎ ಮಾಡಿಸಿದಾಗ ಸಾವು ಶೇ 31ರಷ್ಟು ಕಡಿಮೆಯಾಯಿತು. ಅಲ್ಲಿ ಪರೀಕ್ಷೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಅಂದರೆ ವಿಐಎಯ ಬಲವಿರುವುದು ಒಳ್ಳೆಯ ತರಬೇತಿಯಲ್ಲಿ, ತಪ್ಪದೆ ಮರಳಿ ಮಾಡುವುದರಲ್ಲಿ. ಅದರಲ್ಲಿ ಆರೋಗ್ಯವಂತರಿಗೂ ‘ದೋಷವಿದೆ’ ಎಂದು ಬರಬಹುದು, ಮುಟ್ಟು ನಿಂತವರಲ್ಲಿ ಅದು ಅಷ್ಟು ನೆಚ್ಚಿಕೆಯದಲ್ಲ. ಎಚ್‌ಪಿವಿ ಪರೀಕ್ಷೆ ದುಬಾರಿ ಎಂಬ ಆಕ್ಷೇಪವೂ ನ್ಯಾಯವೇ. ಆದರೆ ಅದನ್ನು ಐದರಿಂದ ಹತ್ತು ವರ್ಷಕ್ಕೊಮ್ಮೆ ಮಾಡಿದರೆ ಸಾಕು. ಮಾದರಿಯನ್ನು ಮಹಿಳೆ ತಾನೇ ಮರೆಯಲ್ಲಿ ತೆಗೆದುಕೊಡಬಹುದಾದ್ದರಿಂದ ನಾಚಿಕೆಯ ಅಡ್ಡಿಯೂ ಕಳೆಯುತ್ತದೆ. ಲಸಿಕೆ ಬಂದಿದೆಯಲ್ಲ ಎನ್ನುವವರು ಒಂದನ್ನು ನೆನೆಯಬೇಕು: ಅದು ಇಂದಿನ ಬಾಲಕಿಯರನ್ನು ಕಾಯುತ್ತದೆ, ಅವರ ತಾಯಂದಿರಿಗೆ ತಪಾಸಣೆಯೇ ಗತಿ.

‘ಮಕ್ಕಳಾದ ಮೇಲೆ ಗರ್ಭಚೀಲ ಯಾಕೆ ಬೇಕು, ತೆಗೆಸಿದರೆ ಭಯವೇ ಇಲ್ಲ’ ಎಂಬ ವಾದ ಎಲ್ಲಕ್ಕಿಂತ ಅಪಾಯದ್ದು. ಚಿಕ್ಕ ವಯಸ್ಸಿನಲ್ಲಿ ಅಂಡಾಶಯವನ್ನೂ ಸೇರಿಸಿ ತೆಗೆದರೆ ಮುಟ್ಟು ನಿಂತವರ ತೊಂದರೆಗಳೆಲ್ಲ ಆಗಲೇ ಶುರುವಾಗಿ, ಮೂಳೆ ಸವೆಯುತ್ತದೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ. ಅಂಡಾಶಯ ಉಳಿಸಿದರೂ ಅದು ಬೇಗ ಸೋಲಬಹುದು. ಬಿಳಿ ಸೆರಗಿಗೆ ಸೋಂಕು ಕಾರಣವಾಗಿದ್ದರೆ ಅದು ಸಾಮಾನ್ಯವಾಗಿ ಔಷಧಿಗೆ ವಾಸಿಯಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕಂಠದ ಆರಂಭದ ದೋಷ ಕಾಣುವುದೂ ಇಲ್ಲ. ಆ ಚಿತ್ರ ತೋರಿಸಿ ಮುಂದೆ ಕ್ಯಾನ್ಸರ್ ಆದೀತು ಎಂದು ಹೆದರಿಸಿದರೆ ನಂಬಬೇಕಿಲ್ಲ. ಆದರೆ ಗರ್ಭಚೀಲದ ಒಳಪದರದ ಕ್ಯಾನ್ಸರಿಗೆ ಎಲ್ಲರಿಗೂ ಮಾಡುವಂಥ ತಪಾಸಣೆಯಿಲ್ಲ. ಅದರ ಮುನ್ಸೂಚನೆ ಮುಟ್ಟು ನಿಂತ ಮೇಲಿನ ರಕ್ತಸ್ರಾವ. ಒಂದು ಹನಿ ಕಂಡರೂ ವೈದ್ಯರಲ್ಲಿಗೆ ಹೋಗಬೇಕು.

30ರಿಂದ 65ರವರೆಗಿನ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ನಮ್ಮ ಹನುಮಸಾಗರದಂಥ ಊರಿನಲ್ಲಿ ಅದು ಕಾಗದದಿಂದ ಕೆಳಗಿಳಿಯಬೇಕಾದರೆ ಗುಳೆಯ ಲೆಕ್ಕ ಹಿಡಿಯಬೇಕು. ಈ ತಿಂಗಳು ಪರೀಕ್ಷೆ, ಬರುವ ತಿಂಗಳು ಫಲಿತಾಂಶ, ಆಮೇಲೆ ಚಿಕಿತ್ಸೆ ಎಂದರೆ ಅಷ್ಟರಲ್ಲಿ ಆ ಮಹಿಳೆ ಕೂಲಿಗಾಗಿ ದೂರದ ಊರಿನಲ್ಲಿರುತ್ತಾಳೆ. ಜನ ಊರಲ್ಲಿರುವ ಬಿತ್ತನೆ, ಹಬ್ಬದ ದಿನಗಳಲ್ಲೇ ಶಿಬಿರ ನಡೆಯಬೇಕು. ದೋಷ ಕಂಡರೆ ಆ ಭಾಗವನ್ನು ಬಿಸಿಯಿಂದ ಸುಡುವ ಕೆಲವೇ ನಿಮಿಷದ ಚಿಕಿತ್ಸೆ ಅದೇ ದಿನ ಸಿಗಬೇಕು. ಅದಕ್ಕೆ ಮೀರಿದ್ದಾದರೆ ಆಶಾ ಕಾರ್ಯಕರ್ತೆಯ ಮೂಲಕ ಆಕೆಯನ್ನು ಕೊಪ್ಪಳದ ಆಸ್ಪತ್ರೆಗೆ ಮುಟ್ಟಿಸುವ ಹೊಣೆ ಆರೋಗ್ಯ ಇಲಾಖೆಯದಾಗಬೇಕು. ಕ್ಯಾನ್ಸರ್ ಭಯದ ಹೆಸರಿನಲ್ಲಿ ಯಾರಾದರೂ ಗರ್ಭಚೀಲ ತೆಗೆಸಲು ಹೇಳಿದರೆ, ‘ತಪಾಸಣೆಯ ವರದಿ ಎಲ್ಲಿ?’ ಎಂದು ಮನೆಯವರು ಮೊದಲು ಕೇಳಲಿ. ವರದಿ ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಗೆ ಒಪ್ಪಬಾರದು.