ಪ್ರವಾಸಿ ಹಡಗಿನ ಒಂದು ಹಗಲು: ಕಡಲತೀರ ಭೇಟಿಗೆ ವೇಳೆಯ ಆಯವ್ಯಯ

ವಿದೇಶಿ ಪ್ರವಾಸಿ ಹಡಗೊಂದು ಬೆಳಿಗ್ಗೆ ಪಣಂಬೂರಿನ ಧಕ್ಕೆಗೆ ಬಂದು ಸಂಜೆ ಹೊರಟುಹೋಗುತ್ತದೆ. ಪ್ರಯಾಣಿಕರ ಕೈಯಲ್ಲಿರುವ ಕಾರ್ಯಕ್ರಮ ಪಟ್ಟಿಯಲ್ಲಿ 'ಬೆಳಿಗ್ಗೆ 8ರಿಂದ ಸಂಜೆ 6' ಎಂದು ಮುದ್ರಿತವಾಗಿರುವುದರಿಂದ ಹತ್ತು ಗಂಟೆಗಳು ತಮ್ಮ ಸ್ವಾಧೀನದಲ್ಲಿವೆ ಎಂದು ಅವರು ಭಾವಿಸುವುದು ಸಹಜ. ಆದರೆ ವ್ಯಾಪಾರದ ಲೆಕ್ಕದಲ್ಲಿ ಒಟ್ಟು ಲಾಭಕ್ಕೂ ನಿವ್ವಳ ಲಾಭಕ್ಕೂ ಎಷ್ಟು ಅಂತರವಿರುವುದೋ, ಹಡಗಿನ ನಿಲುಗಡೆಯ ವೇಳೆಗೂ ಪ್ರಯಾಣಿಕನಿಗೆ ದಕ್ಕುವ ವೇಳೆಗೂ ಅಷ್ಟೇ ಅಂತರವಿರುತ್ತದೆ. ಈ ಅಂತರವನ್ನು ಅರಿಯದೆ ಕಡಲತೀರಕ್ಕೆ ಹೊರಟವರಿಗೆ ಎರಡು ಬಗೆಯ ನಷ್ಟ ಸಂಭವಿಸಬಹುದು. ಒಂದು, ಹಡಗು ತಪ್ಪುವುದು. ಇನ್ನೊಂದು, ತಪ್ಪೀತೆಂಬ ಭಯದಿಂದ ಏನನ್ನೂ ನೋಡದೆ, ಏನನ್ನೂ ಕೊಳ್ಳದೆ ಮರಳುವುದು. ಮೊದಲನೆಯದು ಪ್ರಯಾಣಿಕನ ನಷ್ಟ. ಎರಡನೆಯದು ಬಹುಪಾಲು ಸ್ಥಳೀಯ ವರ್ತಕರ ನಷ್ಟ. ಆದುದರಿಂದ ಈ ಲೆಕ್ಕವನ್ನು ವರ್ತಕರೂ ಸಣ್ಣ ಉತ್ಪಾದಕರೂ ತಿಳಿದಿರುವುದು ಅವಶ್ಯಕ.

ಬಂದರು ಮತ್ತು ಹಂಗಾಮು

ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಗಿ, 1975ರ ಜನವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ಅದಿರು, ಕಚ್ಚಾತೈಲ, ಕಲ್ಲಿದ್ದಲುಗಳ ಸಾಗಣೆಯೇ ಇದರ ಮುಖ್ಯ ವ್ಯವಹಾರವಾಗಿ ಬೆಳೆದರೂ, ಮುಂಬೈ, ಗೋವಾ, ಕೊಚ್ಚಿ ಮತ್ತು ಕೊಲಂಬೊ ನಡುವಿನ ಜಲಮಾರ್ಗದಲ್ಲಿರುವುದರಿಂದ ಪ್ರವಾಸಿ ಹಡಗುಗಳೂ ಇಲ್ಲಿಗೆ ಬರುತ್ತವೆ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಆರಂಭವಾಗುವ ಈ ಹಂಗಾಮು ಬೇಸಿಗೆಯವರೆಗೆ ನಡೆಯುತ್ತದೆ. ಕೋವಿಡ್ ಕಾರಣದಿಂದ ನಿಂತಿದ್ದ ಹಡಗುಗಳ ಆಗಮನ 2022ರ ನವೆಂಬರ್‌ನಲ್ಲಿ ಮತ್ತೆ ಆರಂಭವಾಯಿತು. ಇ-ವೀಸಾ ಪಡೆದ ವಿದೇಶೀಯರ ಪ್ರವೇಶಕ್ಕೆ ಮಾನ್ಯವಾದ ಕಡಲ ಬಂದರುಗಳಲ್ಲಿ ನವಮಂಗಳೂರೂ ಒಂದು.

ಇಲ್ಲಿ ಹಡಗು ನೇರವಾಗಿ ಧಕ್ಕೆಗೆ ಬಂದು ನಿಲ್ಲುತ್ತದೆ ಎಂಬುದು ದೊಡ್ಡ ಅನುಕೂಲ. ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ದಡ ಸೇರಿಸುವ ಬಂದರುಗಳಲ್ಲಿ ಹೋಗಿಬರುವುದಕ್ಕೇ ಸಾಕಷ್ಟು ಹೊತ್ತು ವ್ಯಯವಾಗುತ್ತದೆ. ಆದರೆ ಸರಕು ಬಂದರು ರಕ್ಷಿತ ಪ್ರದೇಶವಾದುದರಿಂದ ಪ್ರಯಾಣಿಕರು ಮನಬಂದಂತೆ ನಡೆದು ಹೊರಬರುವಂತಿಲ್ಲ. ವಲಸೆ ಮತ್ತು ಸುಂಕ ಇಲಾಖೆಗಳ ತಪಾಸಣೆ ಮುಗಿಸಿ, ವಾಹನದಲ್ಲಿ ಮುಖ್ಯದ್ವಾರ ತಲುಪಬೇಕಾಗುತ್ತದೆ.

ಒಟ್ಟು ವೇಳೆ, ನಿವ್ವಳ ವೇಳೆ

ಬೆಳಿಗ್ಗೆ 8ಕ್ಕೆ ಬಂದು ಸಂಜೆ 6ಕ್ಕೆ ಹೊರಡುವ ಹಡಗಿನ ವೇಳೆಯ ಪಟ್ಟಿಯನ್ನು ಉದಾಹರಣೆಗಾಗಿ ಹೀಗೆ ತಯಾರಿಸಬಹುದು:

ಒಟ್ಟು ನಿಲುಗಡೆ: 10 ಗಂಟೆ.
ಕಳೆಯಬೇಕಾದುವು:
(1) ಹಡಗಿಗೆ ಇಲಾಖೆಗಳ ಅನುಮತಿ ದೊರೆತು ಇಳಿಯಲು ಬಿಡುವವರೆಗೆ: 1 ಗಂಟೆ.
(2) ಇಳಿಯುವ ಸಾಲು, ತಪಾಸಣೆ, ಮುಖ್ಯದ್ವಾರದವರೆಗಿನ ಪ್ರಯಾಣ: 45 ನಿಮಿಷ.
(3) ಹೊರಡುವ ಮುನ್ನ ಎಲ್ಲರೂ ಹಡಗಿನಲ್ಲಿರಬೇಕಾದ ಗಡುವು: 1 ಗಂಟೆ.
(4) ಮರಳುವಾಗ ದ್ವಾರದಿಂದ ಹಡಗಿನವರೆಗೆ: 45 ನಿಮಿಷ.
(5) ಅನಿರೀಕ್ಷಿತ ವಿಳಂಬಕ್ಕೆ ಮೀಸಲು: 1 ಗಂಟೆ.
ಒಟ್ಟು ಕಡಿತ: 4 ಗಂಟೆ 30 ನಿಮಿಷ.
ನಿವ್ವಳ ವೇಳೆ: 5 ಗಂಟೆ 30 ನಿಮಿಷ.

ಅಂದರೆ ಪ್ರಯಾಣಿಕ 9.45ಕ್ಕೆ ದ್ವಾರದ ಹೊರಗೆ ಕಾಲಿಟ್ಟರೆ, 3.15ಕ್ಕೆ ಮತ್ತೆ ಅಲ್ಲಿಗೆ ಬಂದಿರಬೇಕು. ಹತ್ತು ಗಂಟೆಗಳಲ್ಲಿ ಸುಮಾರು ಅರ್ಧಭಾಗ ಮಾತ್ರ ಆತನದು. ಇಲ್ಲಿನ ಕಡಿತಗಳು ಹಡಗಿನಿಂದ ಹಡಗಿಗೆ ವ್ಯತ್ಯಾಸವಾಗುತ್ತವೆ; ಮರಳುವ ಗಡುವು ಕೆಲವು ಹಡಗುಗಳಲ್ಲಿ ಅರ್ಧ ಗಂಟೆ ಮಾತ್ರ ಇರುವುದುಂಟು. ಆದರೆ ಯಾವ ಬಾಬನ್ನೂ ಪಟ್ಟಿಯಿಂದ ಬಿಡುವಂತಿಲ್ಲ.

ಗಡಿಯಾರದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಹಡಗಿನೊಳಗೆ ಪಾಲಿಸುವ ವೇಳೆ ದಡದ ವೇಳೆಯೇ ಆಗಿರಬೇಕೆಂಬ ನಿಯಮವಿಲ್ಲ. ದುಬೈ ವೇಳೆ ಭಾರತದ ವೇಳೆಗಿಂತ ಒಂದೂವರೆ ಗಂಟೆ ಹಿಂದೆ, ಮಾಲ್ದೀವ್ಸ್ ವೇಳೆ ಅರ್ಧ ಗಂಟೆ ಹಿಂದೆ. ಇಳಿಯುವ ಮುನ್ನ ಹಡಗಿನ ಗಡಿಯಾರವನ್ನು ನೋಡಿ, ಮರಳುವ ಗಡುವನ್ನು ಭಾರತೀಯ ವೇಳೆಯಲ್ಲಿ ಬರೆದುಕೊಳ್ಳುವುದು ಕ್ಷೇಮ. ದಡದಲ್ಲಿ ಮೊಬೈಲ್ ಫೋನು ತಾನಾಗಿ ವೇಳೆ ಬದಲಿಸಿಕೊಳ್ಳುವುದರಿಂದ ಗೊಂದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಯಾವ ತೀರಕ್ಕೆ ಎಷ್ಟು ಹೊತ್ತು

ನಿವ್ವಳ ವೇಳೆಯನ್ನು ಮೂರು ತೀರಗಳಿಗೆ ಅನ್ವಯಿಸಿ ನೋಡಿದರೆ ಆಯ್ಕೆ ತಾನಾಗಿ ಸ್ಪಷ್ಟವಾಗುತ್ತದೆ.

ಪಣಂಬೂರು ಮತ್ತು ತಣ್ಣೀರುಬಾವಿ: ಇವೆರಡೂ ಬಂದರಿನ ನೆರೆಯಲ್ಲೇ ಇವೆ. ಲಾರಿಗಳ ದಟ್ಟಣೆಯನ್ನು ಗಣನೆಗೆ ತಂದು ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಇಟ್ಟರೂ ನಾಲ್ಕೂವರೆ ಗಂಟೆ ಉಳಿಯುತ್ತದೆ. ನಗರದ ಒಂದೆರಡು ಸ್ಥಳಗಳಿಗೂ ಪೇಟೆಗೂ ಇದರಲ್ಲಿ ಅವಕಾಶವಿದೆ.

ಪಡುಬಿದ್ರಿ: 2020ರಲ್ಲಿ ಹೊನ್ನಾವರದ ಕಾಸರಕೋಡು ತೀರದೊಂದಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರವಿದು. ಬಂದರಿನಿಂದ ಉತ್ತರಕ್ಕೆ, ರಾಷ್ಟ್ರೀಯ ಹೆದ್ದಾರಿ 66ರ ಮೂಲಕ ಸಾಗಬೇಕು. ಎರಡೂ ಕಡೆಯ ಪ್ರಯಾಣಕ್ಕೆ ಎರಡು ಗಂಟೆ ಹಿಡಿದರೆ ಮೂರೂವರೆ ಗಂಟೆ ಸಿಗುತ್ತದೆ. ಆಗ ಮಂಗಳೂರು ಪೇಟೆಯನ್ನು ಬಿಡಬೇಕಾಗುತ್ತದೆ.

ಮಲ್ಪೆ ಮತ್ತು ಸೇಂಟ್ ಮೇರೀಸ್ ದ್ವೀಪ: ಸ್ತಂಭಾಕಾರದ ಲಾವಾಶಿಲೆಗಳಿಂದ ಪ್ರಸಿದ್ಧವಾದ ಈ ದ್ವೀಪವನ್ನು ನೋಡುವ ಆಸೆ ಅನೇಕರಿಗಿರುತ್ತದೆ. ಮಲ್ಪೆಗೆ ಹೋಗಿಬರಲು ಮೂರೂವರೆ ಗಂಟೆ, ದೋಣಿಗಾಗಿ ಕಾಯಲು ಮತ್ತು ದಾಟಿ ಮರಳಲು ಒಂದೂವರೆ ಗಂಟೆ ಎಂದರೆ ಒಟ್ಟು ಐದು ಗಂಟೆ ದಾರಿಯಲ್ಲೇ ಸವೆಯುತ್ತದೆ. ದ್ವೀಪದಲ್ಲಿ ಕಳೆಯಲು ಉಳಿಯುವುದು ಅರ್ಧ ಗಂಟೆ ಮಾತ್ರ! ದೋಣಿಯೊಂದು ತಡವಾದರೂ ಮೀಸಲು ವೇಳೆ ಕರಗುತ್ತದೆ. ರಾತ್ರಿ ತಂಗುವ ಪ್ರವಾಸಿಗೆ ಇದು ಉತ್ತಮ ಸ್ಥಳವೇ. ಒಂದು ಹಗಲಿನ ಹಡಗಿನ ಪ್ರಯಾಣಿಕನಿಗೆ ಇದನ್ನು ಸೂಚಿಸುವುದು ಸರಿಯಲ್ಲ.

ಹಡಗಿನ ಕಂಪನಿಯೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ತಲುಪಿಸುವ ವ್ಯವಸ್ಥೆ ಮಾಡುತ್ತದೆ. ಸ್ವಂತವಾಗಿ ಟ್ಯಾಕ್ಸಿ ಮಾಡಿಕೊಂಡು ಹೋದವರಿಗಾಗಿ ಕಾಯಬೇಕಾದ ಹೊಣೆ ಅದಕ್ಕಿಲ್ಲ. ಆಗ ಮುಂದಿನ ಬಂದರಿನವರೆಗಿನ ವಿಮಾನ, ವಸತಿ, ವೀಸಾ ಖರ್ಚುಗಳೆಲ್ಲ ಪ್ರಯಾಣಿಕನ ತಲೆಯ ಮೇಲೆ ಬೀಳುತ್ತವೆ. ಕಂಪನಿಯ ಪ್ರವಾಸಕ್ಕೆ ಹೆಚ್ಚು ಕೊಡುವ ದರದಲ್ಲಿ ಒಂದಂಶ ಈ ಭದ್ರತೆಯ ಬೆಲೆ. ವಿಮಾ ಕಂತಿನಂತೆ ಅದನ್ನು ಪರಿಗಣಿಸಬೇಕು. ದೂರದ ಸ್ಥಳಗಳಿಗೆ ಕಂಪನಿಯ ಬಸ್ಸು, ಹತ್ತಿರದ ತೀರಕ್ಕೆ ಸ್ಥಳೀಯ ಟ್ಯಾಕ್ಸಿ ಎಂಬುದು ವಿವೇಕದ ವಿಂಗಡಣೆ.

ಮೊದಲು ದೂರ, ಬಳಿಕ ಹತ್ತಿರ

ಕ್ರಮವನ್ನು ನಿರ್ಧರಿಸುವಲ್ಲಿ ಎರಡು ತತ್ತ್ವಗಳು ಪರಸ್ಪರ ಎದುರಾಗುತ್ತವೆ. ಬಿಸಿಲನ್ನು ನೋಡಿದರೆ ಬೆಳಿಗ್ಗೆಯೇ ತೀರಕ್ಕೆ ಹೋಗುವುದು ಹಿತ. ಗಡುವನ್ನು ನೋಡಿದರೆ ಕೊನೆಯ ಹೊತ್ತು ಬಂದರಿನ ಸಮೀಪದಲ್ಲಿರುವುದು ಕ್ಷೇಮ. ಕುದ್ರೋಳಿ ಗೋಕರ್ಣನಾಥ ಕ್ಷೇತ್ರ, ಸಂತ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ, ಪೇಟೆ ಇವುಗಳನ್ನು ಮೊದಲು ಮುಗಿಸಿ, ನಡುಹಗಲಿನ ಬಳಿಕ ತಣ್ಣೀರುಬಾವಿಯ ಮರಗಳ ನೆರಳಿಗೆ ಬರುವುದು ಹೆಚ್ಚಿನವರಿಗೆ ಒಪ್ಪುವ ಮಾರ್ಗ. ವರ್ತಕರಿಗೂ ಇದರಲ್ಲಿ ಲಾಭವಿದೆ: ಒದ್ದೆ ಬಟ್ಟೆಯಲ್ಲಿ, ಮರಳು ಮೆತ್ತಿದ ಕಾಲಿನಲ್ಲಿ ಯಾರೂ ಸೀರೆಯ ಅಂಗಡಿಗೆ ಬರುವುದಿಲ್ಲ. ಚಿಕ್ಕ ಮಕ್ಕಳೂ ವೃದ್ಧರೂ ಇರುವ ಕುಟುಂಬಗಳು ಮಾತ್ರ ಬೆಳಗಿನ ತೀರವನ್ನೇ ಆರಿಸಿಕೊಳ್ಳುವುದು ಉಚಿತ.

ಅರಬ್ಬಿ ಸಮುದ್ರದ ಈ ತೀರದಲ್ಲಿ ಭರತ ಇಳಿತಗಳ ಅಂತರ ಎರಡು ಮೀಟರಿಗಿಂತ ಕಡಿಮೆ. ಆದುದರಿಂದ ನೀರು ಬಹುದೂರ ಹಿಂದೆ ಸರಿದು ತೀರ ಬರಿದಾಗುವ ಚಿಂತೆ ಇಲ್ಲ. ಆದರೆ ದಡದಿಂದ ಕಡಲಿನತ್ತ ಸೆಳೆಯುವ ಪ್ರವಾಹ ಅಪಾಯಕಾರಿ. ಈಜುಕೊಳದಲ್ಲಿ ನುರಿತವರೂ ಇದಕ್ಕೆ ಸಿಲುಕುವುದುಂಟು. ಸಿಲುಕಿದವರು ಪ್ರವಾಹಕ್ಕೆ ಎದುರಾಗಿ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. ಜೀವರಕ್ಷಕರು ಇರುವಲ್ಲಿ ಮಾತ್ರ ನೀರಿಗಿಳಿಯಬೇಕು. ಕೆಂಪು ಬಾವುಟ ಕಂಡರೆ ಇಳಿಯಕೂಡದು. ಪಾಸ್‌ಪೋರ್ಟ್ ಪ್ರತಿ, ಹಡಗಿನ ಗುರುತು ಚೀಟಿ, ಹಡಗಿನ ಸ್ಥಳೀಯ ಏಜೆಂಟರ ದೂರವಾಣಿ ಸಂಖ್ಯೆ ಇವುಗಳನ್ನು ಒದ್ದೆಯಾಗದ ಚೀಲದಲ್ಲಿಡಬೇಕು.

ಹಣ ಮತ್ತು ತೆರಿಗೆ

ಹಡಗಿನಿಂದ ಇಳಿಯುವವರ ಬಳಿ ಬಹುಮಟ್ಟಿಗೆ ರೂಪಾಯಿ ಇರುವುದಿಲ್ಲ. ಡಾಲರ್ ನೋಟನ್ನು ಕೈಗೆ ತೆಗೆದುಕೊಂಡು ಮನಸ್ಸಿಗೆ ತೋಚಿದ ದರದಲ್ಲಿ ಚಿಲ್ಲರೆ ಕೊಡುವ ಅಭ್ಯಾಸ ಅಪಾಯಕರ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಪ್ರಕಾರ ವಿದೇಶಿ ಹಣದ ವ್ಯವಹಾರ ನಡೆಸಬೇಕಾದವರು ರಿಸರ್ವ್ ಬ್ಯಾಂಕಿನ ಅಧಿಕೃತ ವ್ಯಕ್ತಿಗಳು. ಪ್ರಯಾಣಿಕರನ್ನು ಅಧಿಕೃತ ವಿನಿಮಯ ಕೌಂಟರಿಗೆ ಕಳುಹಿಸಿ ರೂಪಾಯಿಯಲ್ಲೇ ಹಣ ಪಡೆಯುವುದು, ಇಲ್ಲವೇ ಅಂತಾರಾಷ್ಟ್ರೀಯ ಕಾರ್ಡು ಸ್ವೀಕರಿಸುವುದು ಸರಿಯಾದ ಕ್ರಮ. ಕಾರ್ಡ್ ಯಂತ್ರದಲ್ಲಿ ವಿದೇಶಿ ಕಾರ್ಡುಗಳಿಗೆ ಅನುಮತಿ ಇದೆಯೇ ಎಂಬುದನ್ನು ಹಡಗು ಬರುವ ಮುನ್ನವೇ ಬ್ಯಾಂಕಿನಲ್ಲಿ ಖಚಿತಪಡಿಸಿಕೊಳ್ಳಬೇಕು.

ವಿದೇಶೀಯನಿಗೆ ಮಾರಿದ್ದೆಲ್ಲ ರಫ್ತು ಎಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. ಮಂಗಳೂರಿನ ಅಂಗಡಿಯ ಕಟ್ಟೆಯ ಮೇಲೆ ಹಸ್ತಾಂತರವಾದ ಸರಕು ರಾಜ್ಯದೊಳಗಿನ ಮಾರಾಟವೇ ಆಗಿದ್ದು, ಕೇಂದ್ರ ಮತ್ತು ರಾಜ್ಯ ಸರಕು ಸೇವಾ ತೆರಿಗೆ ಎರಡೂ ಅನ್ವಯವಾಗುತ್ತವೆ. ವಿದೇಶಿ ಪ್ರವಾಸಿಗರು ಕೊಂಡೊಯ್ಯುವ ಸರಕಿನ ತೆರಿಗೆ ವಾಪಸಾತಿಗೆ ಸಂಯೋಜಿತ ಸರಕು ಸೇವಾ ತೆರಿಗೆ ಕಾಯ್ದೆಯ 15ನೇ ಕಲಮಿನಲ್ಲಿ ಅವಕಾಶ ಕಲ್ಪಿಸಲಾಗಿದೆಯಾದರೂ, 2017ರ ಜುಲೈ 1ರಂದು ಹೊಸ ತೆರಿಗೆ ಪದ್ಧತಿ ಆರಂಭವಾದಾಗ ಆ ಕಲಮನ್ನು ಜಾರಿಗೊಳಿಸಿರಲಿಲ್ಲ. ಇಲಾಖೆಯ ಅಧಿಸೂಚನೆಯನ್ನು ಕಣ್ಣಾರೆ ನೋಡದೆ 'ಬಂದರಿನಲ್ಲಿ ತೆರಿಗೆ ಹಿಂತಿರುಗುತ್ತದೆ' ಎಂದು ಯಾವ ವರ್ತಕನೂ ಭರವಸೆ ನೀಡಬಾರದು.

ವರ್ತಕರಿಂದ ಆಗಬೇಕಾದುದು

ಒಂದು ಸಾವಿರ ಮಂದಿ ಇಳಿದು, ಟ್ಯಾಕ್ಸಿ ದರದ ಚೌಕಾಶಿಯಲ್ಲಿ ತಲಾ ಅರ್ಧ ಗಂಟೆ ಕಳೆದರೆ, 500 ಗಂಟೆಗಳ ವ್ಯಾಪಾರಾವಕಾಶ ದ್ವಾರದಲ್ಲೇ ನಷ್ಟವಾಗುತ್ತದೆ. ಲಿಖಿತ ದರಪಟ್ಟಿ, ಮರಳುವ ವೇಳೆ ನಮೂದಿಸಿದ ರಸೀದಿ, ಪೂರ್ಣ ಬಾಡಿಗೆಯನ್ನು ಮರಳಿದ ಮೇಲೆ ಪಡೆಯುವ ಪದ್ಧತಿ ಇವು ನಂಬಿಕೆಯನ್ನು ಬೆಳೆಸುತ್ತವೆ. ಭಾನುವಾರ ಹಡಗು ಬಂದಾಗ ಪೇಟೆಯ ಅನೇಕ ಅಂಗಡಿಗಳು ಮುಚ್ಚಿರುವುದರಿಂದ, ಹಡಗುಗಳ ವೇಳಾಪಟ್ಟಿಯನ್ನು ಮೊದಲೇ ಪಡೆದು ಸರದಿಯ ಮೇಲೆ ತೆರೆದಿಡುವ ಏರ್ಪಾಡು ಮಾಡಿಕೊಳ್ಳಬಹುದು.

ಸರಕಿನ ಆಯ್ಕೆಯಲ್ಲಿಯೂ ಹಡಗಿನ ನಿಯಮಗಳನ್ನು ಗಮನಿಸಬೇಕು. ತಾಜಾ ಹಣ್ಣು, ಗಿಡ, ಬೇಯಿಸಿದ ಆಹಾರಗಳನ್ನು ಹಡಗಿನೊಳಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಭದ್ರವಾಗಿ ಮುಚ್ಚಿದ, ತೂಕ, ಬೆಲೆ, ತಯಾರಿಕೆಯ ದಿನಾಂಕ ಮುದ್ರಿಸಿದ ಗೋಡಂಬಿ, ಕಾಫಿ ಪುಡಿ, ಸಂಬಾರ ಪದಾರ್ಥಗಳ ಚಿಕ್ಕ ಪೊಟ್ಟಣಗಳು ಹೆಚ್ಚು ಯೋಗ್ಯ. ಚನ್ನಪಟ್ಟಣದ ಆಟಿಕೆ, ಉಡುಪಿ ಸೀರೆಯಂತಹ ಭೌಗೋಳಿಕ ಸೂಚಿಕೆ ಪಡೆದ ಸರಕುಗಳ ಜೊತೆ ಅವುಗಳ ಮೂಲವನ್ನು ತಿಳಿಸುವ ಒಂದು ಪುಟದ ವಿವರಣೆ ಇದ್ದರೆ ಬೆಲೆಯ ಬಗ್ಗೆ ವಾದ ಕಡಿಮೆಯಾಗುತ್ತದೆ.

ಪ್ರವಾಸಿ ಹಡಗಿನ ವ್ಯಾಪಾರದಲ್ಲಿ ಉದ್ದರಿ ಇಲ್ಲ, ಮರುದಿನ ಬರುವ ಗಿರಾಕಿಯೂ ಇಲ್ಲ. ಆದರೆ ಆ ಹಡಗಿನ ಕಂಪನಿ ಮುಂದಿನ ವರ್ಷದ ಮಾರ್ಗವನ್ನು ನಿರ್ಧರಿಸುವಾಗ ಈ ವರ್ಷದ ಪ್ರಯಾಣಿಕರ ಅಭಿಪ್ರಾಯವನ್ನು ಕೇಳಿಯೇ ಕೇಳುತ್ತದೆ. 'ಇನ್ನೂ ವೇಳೆಯಿದೆ, ದ್ವೀಪಕ್ಕೆ ಹೋಗೋಣ' ಎಂದು ಒಂದು ದಿನದ ಬಾಡಿಗೆಗಾಗಿ ಪ್ರಯಾಣಿಕನನ್ನು ಒಯ್ಯುವ ಚಾಲಕನಿಗಿಂತ, 'ವೇಳೆ ಸಾಲದು, ತಣ್ಣೀರುಬಾವಿಗೇ ಹೋಗೋಣ' ಎಂದು ಹೇಳುವ ಚಾಲಕನಿಂದ ಊರಿಗೆ ಹೆಚ್ಚಿನ ಆದಾಯವಿದೆ. ಪ್ರಯಾಣಿಕ 3.15ಕ್ಕೆ ನೆಮ್ಮದಿಯಿಂದ ದ್ವಾರಕ್ಕೆ ಮರಳುವಂತೆ ನೋಡಿಕೊಳ್ಳುವುದು ಈ ವ್ಯಾಪಾರದ ಮೊದಲ ಬಂಡವಾಳ.