ನೀರಿನ ಆಳದಲ್ಲಿ ಕಿವಿ ಏಕೆ ನೋಯುತ್ತದೆ?

ನಮ್ಮ ಮುನಿರಾಬಾದಿನ ತುಂಗಭದ್ರಾ ಡ್ಯಾಮಿನ ಗೋಡೆ ಬುಡದಲ್ಲಿ ದಪ್ಪ ಇದೆ. ಯಾಕಂದರೆ ಆಳಕ್ಕೆ ಹೋದಂತೆ ನೀರಿನ ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು! ಬಾವ್ಯಾಗ ಮುಳುಗಿದಾಗ ಇದೇ ಒತ್ತಡ ಕಿವಿಯ ತಮಟೆಯನ್ನು ಒಳಗೆ ದಬ್ಬುತ್ತದೆ. ಅದಕ್ಕೇ ನೋವು.

ಕಿವಿಯ ಒಳಗಿನಿಂದ ಗಂಟಲಿಗೆ ಯುಸ್ಟೇಷಿಯನ್ ನಾಳ ಇದೆ. ಅದು ತೆರೆದರೆ ಒಳಗೆ ಗಾಳಿ ಹೋಗಿ ಎರಡೂ ಕಡೆ ಒತ್ತಡ ಸಮ ಆಗುತ್ತದೆ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡುವವರು ನೋವು ಬರುವ ಮೊದಲೇ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದುತ್ತಾರೆ.

ನೆಗಡಿಯಾದರೆ ಈ ನಾಳ ಕಟ್ಟುತ್ತದೆ. ಹೋದ ಬ್ಯಾಸಗ್ಯಾಗ ನಾನು ನೆಗಡಿ ಇದ್ದರೂ ಮುಳುಗಿದೆ. ಮೂರು ದಿನ ಕಿವಿ ಸರಿಯಾಗಿ ಕೇಳಲಿಲ್ಲ. ನೋವಾದರೆ ಕೂಡಲೇ ಮೇಲೆ ಬನ್ನಿ. ಜೋರಾಗಿ ಊದಬೇಡಿ, ತಮಟೆ ಹರಿದೀತು, ಜೋಕೆ!